ಮಲ್ಲೋಜಿ, ಬೂಟು ವಿಭಾಗ

ಒಂದನೇ ತಾರೀಖು, ಕಂದು ಲಕೋಟೆ.
ಮೇಲೆ ನೀಲಿ ಶಾಯಿಯಲ್ಲಿ: ಮಲ್ಲೋಜಿ, ಬೂಟು ವಿಭಾಗ.

ನನ್ನ ಹೆಸರು ಮಾಲೋಜಿ.
ಮೊದಲ ತಿಂಗಳು ಬೋನಿಫಾಸ್ ಸಾಹುಕಾರರು
ದೀರ್ಘ ನುಂಗಿ
ಲಕಾರಕ್ಕೊಂದು ಒತ್ತು ಕೊಟ್ಟು ಬರೆದರು.
ಇಪ್ಪತ್ತರ ಹುಡುಗ ನಾನು, ತಿದ್ದಲು ನಾಲಿಗೆ ಏಳಲಿಲ್ಲ.
ಲೆಡ್ಜರಿಗೂ ಅದೇ ಇಳಿಯಿತು.
ಅವರ ಮಗ ಸಿಪ್ರಿಯನ್ ಅದನ್ನೇ ನೋಡಿ ಬರೆದ,
ಅವನ ಮಗಳು ಜೆಸಿಂತಾ ಅವನದನ್ನು ನೋಡಿ ಬರೆಯುತ್ತಾಳೆ.
ನಲವತ್ತೊಂದು ವರ್ಷ. ಕೈ ಮೂರು, ತಪ್ಪು ಒಂದೇ.

ಮಂಡ್ಲಿಯ ಐಸ್ ಫ್ಯಾಕ್ಟರಿ ಅವರದು.
ಘಟ್ಟ ಹತ್ತಿ ಬಂದ ಬಂಗುಡೆ
ಶಿವಮೊಗ್ಗೆಯ ಬಿಸಿಲಲ್ಲಿ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದದ್ದು
ಅವರ ಐಸಿಗೆ.
ಆ ದುಡ್ಡಲ್ಲಿ ಸಂಬಳದ ತಂಡ:
ಹನ್ನೊಂದು ಜನ ಓಡುವವರು, ಏಳು ಜನ ಕೂರುವವರು,
ಒಬ್ಬ ಕೋಚು, ಒಬ್ಬ ನಾನು.
ಕಣಕಾಲು ಉಳುಕಿದರೆ ಗೋಣಿಚೀಲದಲ್ಲಿ ಐಸು,
ಅದಕ್ಕೆ ಬಿಲ್ಲಿಲ್ಲ.

ಹೊಗಳುತ್ತಿಲ್ಲ ನಾನು.
ಸಾಹುಕಾರರ ತಂಗಿ ಮಗ ಒಸ್ವಾಲ್ಡ್
ಆರು ಸೀಸನ್ ರೈಟ್ ಬ್ಯಾಕ್ ಆಡಿದ.
ಅವನ ಬೂಟು ತೊಳೆಯುವ ಕೆಲಸವೇ ಇರಲಿಲ್ಲ,
ಮಣ್ಣು ಅಂಟುವಷ್ಟು ಓಡಿದ್ದರೆ ತಾನೆ?
ಎದುರಾಳಿಗಳಿಗೆ ಅವನ ಬದಿಯೆಂದರೆ
ಅಗುಳಿ ಇಲ್ಲದ ಹಿತ್ತಿಲ ಬಾಗಿಲು.
ಗೋಲ್‌ಕೀಪರ್ ಮೊಹಿದ್ದೀನ್ ಒಮ್ಮೆ ಹೇಳಿಯೇಬಿಟ್ಟ:
"ಸಾಹುಕಾರ್ರೆ, ನಿಮ್ಮ ಸೋದರಳಿಯನ್ನ ತೆಗೀರಿ,
ಇಲ್ಲ ನನ್ನ ತೆಗೀರಿ."
ಇಬ್ಬರನ್ನೂ ತೆಗೆಯಲಿಲ್ಲ.
ಯಾರನ್ನೂ ತೆಗೆಯದ ರೋಗ ಆ ಮನೆತನಕ್ಕೆ.
ಕೋಚ್ ಪೊನ್ನುಸ್ವಾಮಿ ಹದಿನೆಂಟು ವರ್ಷ ಒಂದೇ ಆಟ ಕಲಿಸಿದರು;
ಊರೂರಿನ ತಂಡಗಳಿಗೂ ಅದು ಬಾಯಿಪಾಠ.

ಆದರೂ
ಅಮೋನಿಯ ಪೈಪು ಸಿಡಿದು ಫ್ಯಾಕ್ಟರಿ ಮುಚ್ಚಿದ ವರ್ಷ
ಒಂದನೇ ತಾರೀಖು ತಪ್ಪಲಿಲ್ಲ.
ಸಿಪ್ರಿಯನ್ ನಮ್ಮ ವ್ಯಾನು ಮಾರಿದ್ದು ಗೊತ್ತಾದದ್ದು
ಬಳ್ಳಾರಿ ಪಂದ್ಯಕ್ಕೆ ಸರ್ಕಾರಿ ಬಸ್ಸು ಹತ್ತಿದಾಗಲೇ.
ಹಿಂದಿನ ಸೀಟೆಲ್ಲ ನಮ್ಮದು, ಬಾಲು ನನ್ನ ತೊಡೆಯ ಮೇಲೆ,
ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ.
ಎರಡು ಗೋಲಿನಿಂದ ಸೋತೆವು.
ತಂಡ ಬಿಟ್ಟು ಯಾರೂ ಹೋಗಲಿಲ್ಲ.

ಈ ಸಲ ಬಂದರು ಮೂವರು, ಇಸ್ತ್ರಿ ಶರಟಿನವರು.
ಕೊಳ್ಳುತ್ತೇವೆ ಅಂದರು.
ಹೆಸರು ಬದಲಾಗುತ್ತೆ, ಬಣ್ಣ ಬದಲಾಗುತ್ತೆ,
ಊರು... ನೋಡೋಣ.
"ಇಷ್ಟು ವರ್ಷದಲ್ಲಿ ಕಪ್ ಎಷ್ಟು?"
ಜೆಸಿಂತಾ ಎರಡು ಬೆರಳೆತ್ತಿದಳು.
ಆಮೇಲೆ ತಾನಾಗೇ ಒಂದನ್ನು ಮಡಿಸಿದಳು,
"ಅದು ಎದುರಿನವರು ಬರದೆ ಸಿಕ್ಕಿದ್ದು."

ಶನಿವಾರ ಮನೆಯೊಳಗೆ ಮಾತು.
ನಾಲ್ಕು ಪಾಲು, ನಾಲ್ಕು ಬಾಯಿ.
ಮಾರಿಬಿಡೋಣ ಅಂದವನು ಯಾರು ಗೊತ್ತೆ? ಒಸ್ವಾಲ್ಡ್.
ಕಿಟಕಿಯಾಚೆ ನಾನು ಬೂಟಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆ.
ಕೊಂಕಣಿ ನನಗೆ ಅರ್ಧ ತಿಳಿಯುತ್ತೆ,
ಜಗಳ ಪೂರ್ತಿ.

ಬಂದವರು ನಮಗೂ ಒಂದೊಂದು ಕಾಗದ ಕೊಟ್ಟಿದ್ದರು,
ಆಧಾರ್ ನೋಡಿ ಟೈಪು ಮಾಡಿದ್ದು.
ಮಾಲೋಜಿ ರಾವ್. ದೀರ್ಘ ಇರಬೇಕಾದಲ್ಲಿ ದೀರ್ಘ.
ಸಂಬಳ ಒಂದೂವರೆ ಪಟ್ಟು,
ಅವಧಿ ಹನ್ನೊಂದು ತಿಂಗಳು.
ಎರಡು ಸಲ ಓದಿದೆ.
ಯಾರದೋ ಮದುವೆ ಕರೆಯೋಲೆ
ಮನೆ ತಪ್ಪಿ ನನ್ನ ಬಾಗಿಲಿಗೆ ಬಂದ ಹಾಗಿತ್ತು.
ಮುದುರಿ, ಆಗಷ್ಟೇ ತೊಳೆದ ಬೂಟಿನೊಳಗೆ ತುರುಕಿದೆ;
ತೇವ ಹೀರಲು ಹೇಗೂ ಪೇಪರ್ ಬೇಕಿತ್ತು.

ಸೋಮವಾರ ಒಂದನೇ ತಾರೀಖು.
ಜೆಸಿಂತಾ ಬಂದಳು, ಕಣ್ಣು ಊದಿತ್ತು,
ಲಕೋಟೆ ಕೊಟ್ಟಳು.
ಏನಾಯಿತೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಮಲ್ಲೋಜಿ, ಬೂಟು ವಿಭಾಗ.
ಒತ್ತು ಈ ಸಲ ಸ್ವಲ್ಪ ಜೋರಾಗೇ ಬಿದ್ದಿತ್ತು.

ಸಂಜೆ ಪ್ರಾಕ್ಟೀಸಿಗೆ ಬೂಟು ಸಾಲಾಗಿಟ್ಟೆ.
ಹೊಸ ರೈಟ್ ಬ್ಯಾಕ್ ಹುಡುಗ ಕಾಲು ತೂರಿಸಿ, ಮುಖ ಕಿವುಚಿ,
ಒಳಗಿಂದ ಕಾಗದದ ಉಂಡೆ ತೆಗೆದ, ಬಿಡಿಸಿದ,
"ಯಾರಣ್ಣ ಇದು, ಮಾಲೋಜಿ ರಾವ್?"

ಗೊತ್ತಿಲ್ಲ ಅಂದೆ.
ಲೇಸು ಬಿಗಿಯಾಗಿ ಕಟ್ಟು.