ಖಾಲಿ ಗಿರಣಿ

ಖಾಲಿ ಗಿರಣಿ ತಿರುಗಿಸಬ್ಯಾಡ, ಕಲ್ಲ ಕಲ್ಲ ತಿಂತದ,
ಅಂತಿದ್ದ ಅಪ್ಪ.
ಬೀಸೂದು ಮುಗಿದ ಮ್ಯಾಲೂ ಒಂದು ಹಿಡಿ ಜ್ವಾಳ
ನಡುವ ಬಿಟ್ಟೇ ಪಟ್ಟಾ ಬಿಚ್ಚತಿದ್ದ.

ಕಲಬುರಗಿ ಶಹಾಬಜಾರದಾಗ ಈಗ ಅದೇ ಗಿರಣಿ ನಂದು.
ರಾತ್ರಿ ಒಂಬತ್ತಕ್ಕ ಬಂದ್.
"ಎಲ್ಲಿ ಬಂದ್?" ಅಂತಾಳ ನೀಲಮ್ಮ,
"ಎರಡಕ್ಕ ಮತ್ತ ಚಾಲೂ ಆಗ್ತದ, ನಿನ್ನ ಬಾಯಾಗ.
ಏನು ಬೀಸ್ತಿ ಅಷ್ಟೊತ್ತಿನ್ಯಾಗ?"

ನನಗೇನು ಗೊತ್ತು?
ಮುಂಜಾನೆ ದವಡಿ ಹಿಡಕೊಂಡಿರ್ತದ,
ಕಿವಿ ಮುಂದ ಕಟ್ ಅಂತದ.
ಖಡಕ್ ರೊಟ್ಟಿ ಮುರದು ಸಾರಿನ್ಯಾಗ ನೆನಸಿ ತಿಂತೀನಿ,
ಊರಿಗೆಲ್ಲ ಹಿಟ್ಟು ಬೀಸಾಂವ.

ಸಬೀಹಾ ಡಾಕ್ಟರು ಕನ್ನಡಿ ಹಿಡದು ತೋರಿಸಿದರು:
ದವಡಿ ಹಲ್ಲು ಸವದು ಚಪ್ಪಟಿ,
ಟಾಕಿ ಕಾಣದ ಕಲ್ಲು.
"ಮಲಗೂಮುಂದ ಏನರೆ ವಿಚಾರ ಮಾಡ್ತೀರೇನು?"
ಕರೆಂಟ್ ಬಿಲ್ಲು, ಅಂದೆ.
ಎದುರಿನ ಅಂಗಡ್ಯಾಗಿನ ಪ್ಯಾಕೆಟ್ ಹಿಟ್ಟಿನ ಸುದ್ದಿ ಎತ್ತಲಿಲ್ಲ.
ಗುಲಾಬಿ ಬಣ್ಣದ ಮೆತ್ತನ್ನ ಕಣಕ ಬಾಯಿಗಿಟ್ಟು ಕಚ್ಚಿಸಿದರು.
ನಾ ಬೀಸಿದ್ದಲ್ಲ ಅದು, ಪುದೀನಾ ವಾಸನಿ.

ವಾರ ಬಿಟ್ಟು ಕೊಟ್ಟರು
ಗಾಜಿನಂಥ ಗಾರ್ಡು, ಮ್ಯಾಲಿನ ಸಾಲಿಗೆ.
"ಚಟ ಬಿಡಸೂದಿಲ್ಲ ಇದು," ಅಂದರು,
"ಹಲ್ಲಿನ ಬದಲಿ ತಾನು ಸವೀತದ."
ಹಿಡಿ ಜ್ವಾಳ, ಅಂದೆ.
ಅವರಿಗೆ ತಿಳೀಲಿಲ್ಲ.

ಮೊದಲ ರಾತ್ರಿ ಜೊಲ್ಲು. ಸಕಾರ ಹೋಗಿ ಶಕಾರ.
ನೀಲಮ್ಮ ನಕ್ಕು ನಕ್ಕು ಗೋಡಿ ಕಡಿ ಹೊಳ್ಳಿದಳು.
ಎರಡಕ್ಕ ಅಕಿಗೇ ಎಚ್ಚರ,
ಸಪ್ಪಳಿಲ್ಲ ಅಂತ
ನನ್ನ ಮೂಗಿಗೆ ಬೆರಳು ಹಿಡದು ನೋಡಿದಳಂತ.

ಮುಂಜಾನೆ ನಳದ ಕೆಳಗ ತೊಳದು
ಬೆಳಕಿಗೆ ಹಿಡದೆ. ಸಣ್ಣ ಸಣ್ಣ ಗೀರು.
ಓಡೇದ ಹಂಗಾರ.
ಡಬ್ಬಿ ಮುಚ್ಚೂದ್ರಾಗ ಹೊರಗ ಯಾರೋ ಬುಟ್ಟಿ ಇಳಿಸಿ
"ಸಣ್ಣಗ ಬೀಸ್ರಿ," ಅಂದರು,
"ಹ್ವಾದ ಸಲ ತರಿತರಿ ಇತ್ತು."