ಒಳಹರಿವು

ಬೆಳಗಿನ ಆರೂ ನಲವತ್ತಕ್ಕೆ ಕಿಲ್ಡೆರಾ ಏಳುತ್ತದೆ.
ನನಗದು ಕೋಳಿಯಿಂದಲ್ಲ, ಚರ್ಚಿನ ಗಂಟೆಯಿಂದಲ್ಲ,
ಮಾಪಕದ ಮುಳ್ಳಿನಿಂದ ತಿಳಿಯುತ್ತದೆ.
ಮೊದಲು ಮೇಲುಬೀದಿಯ ಬೇಕರಿಯವರು,
ಆಮೇಲೆ ಶಾಲೆಯ ಮಕ್ಕಳ ಮನೆಗಳು, ಎಲ್ಲ ಒಟ್ಟಿಗೆ,
ಸೇತುವೆಯಡಿಯ ಕೊಳವೆಯಲ್ಲಿ ಗುಡುಗು.
ಹರ್ಲಿಂಗ್ ಪಂದ್ಯದ ನಡುವಿರಾಮಕ್ಕೊಂದು ಅಲೆ:
ಗೆದ್ದರೋ ಸೋತರೋ ಅದು ಹೇಳದು,
ಎಷ್ಟು ಜನ ತಡೆಹಿಡಿದು ಕೂತಿದ್ದರು ಎಂಬುದಷ್ಟೇ.

ಇಪ್ಪತ್ತಾರು ವರ್ಷ ಈ ತೊಟ್ಟಿಗಳ ಕಾವಲು ನನ್ನದು.
ಕಟ್ಟಿದ್ದು ನಾಲ್ಕು ಸಾವಿರ ಜನಕ್ಕೆ.
ಈಗ ಏಳೂವರೆ ಸಾವಿರ ಜನ ಮೀಯುತ್ತಾರೆ, ತೊಳೆಯುತ್ತಾರೆ,
ಗುಂಡಿ ಒತ್ತಿ ಮರೆಯುತ್ತಾರೆ.
ಮರೆಯಲೆಂದೇ ಅಲ್ಲವೆ ಗುಂಡಿ?
ಮಳೆ ಜೋರಾದ ರಾತ್ರಿ ಮೂರನೆಯ ಬಾಗಿಲು ತಾನೇ ತೆರೆಯುತ್ತದೆ,
ಅರೆಬೆಂದ ಅನ್ನ ಬಸಿದ ಹಾಗೆ
ಊರು ಹೊಳೆಗೆ ಬೀಳುತ್ತದೆ.
ಬೆಳಿಗ್ಗೆ ಹೋಗಿ ಕೊಕ್ಕರೆ ಇದೆಯೇ ನೋಡುತ್ತೇನೆ.
ಇರುತ್ತದೆ. ಕೆಲವು ದಿನ.

ಗುಡ್ಡದ ಮೇಲೆ ಹೊಸ ಬಡಾವಣೆ, ಇನ್ನೂರ ಹನ್ನೆರಡು ಮನೆ.
ಬಾಗಿಲಿಗೆ ಬಣ್ಣ, ಬಣ್ಣಕ್ಕೆ ಪ್ಲಾಸ್ಟಿಕ್ ಹೊದಿಕೆ.
ನಲ್ಲಿ ಇದೆ, ನೀರಿಲ್ಲ.
ಕೊಳವೆ ಇದೆ; ರಸ್ತೆಯ ತುದಿಗೆ ಬಂದು
ಬಾಯಿಗೆ ಹಳದಿ ಮುಚ್ಚಳ ಹಾಕಿಕೊಂಡು ಮಲಗಿದೆ.
ಕಾರ್ಕ್ ಕೌನ್ಸಿಲಿನಿಂದ ಕಾಗದ ಬಂದಿದೆ:
ಇನ್ನೆಷ್ಟು ಹಿಡಿಸೀತು? ಅಂಕಿ ಬರೆದು ಸಹಿ ಮಾಡಿ.

ಮಗಳು ಎಯ್ಮರ್, ತೊಂಬತ್ತೇಳನೆಯ ಮನೆಗೆ
ಮುಂಗಡ ಕೊಟ್ಟು ಮೂರು ವರ್ಷ.
ಅತ್ತೆಮನೆಯ ಪೆಟ್ಟಿಗೆಯಂಥ ಕೋಣೆಯಲ್ಲಿ
ಗಂಡ, ಅವಳು, ಟೈಗ್, ಟೈಗನ ತೊಟ್ಟಿಲು.
"ಎಲ್ಲ ನಿನ್ನ ಕೈಯಲ್ಲೇ ಇದೆಯಂತಲ್ಲಪ್ಪ" ಎಂದಳು ಭಾನುವಾರ
ಆಲೂಗಡ್ಡೆ ಸುಲಿಯುತ್ತ, ನಲ್ಲಿ ಬಿಟ್ಟುಕೊಂಡೇ.
ನಾನು ನಲ್ಲಿ ನಿಲ್ಲಿಸಿದೆ.
ಅದನ್ನೇ ಅವಳು ಉತ್ತರ ಎಂದುಕೊಂಡಳು.

ರಾತ್ರಿ ಲೆಕ್ಕ ಹಾಕಿದೆ. ಅವಳೀಗಲೂ ಇದೇ ಊರಲ್ಲಿ ಮೀಯುತ್ತಾಳಲ್ಲ,
ಅತ್ತೆಯ ಬಚ್ಚಲಲ್ಲಿ; ಆ ನೀರು ಆಗಲೇ ನನ್ನ ತೊಟ್ಟಿಯಲ್ಲಿದೆ.
ಗುಡ್ಡ ಹತ್ತಿದರೆ ಹೆಚ್ಚುವುದೇನು?
ಹೀಗೆ ಒಂದು ಮನೆ ಒಳಗೆ ನುಸುಳಿತು.
ಅದರ ಬೆನ್ನಿಗೇ ಉಳಿದ ಇನ್ನೂರ ಹನ್ನೊಂದು
ತಂತಮ್ಮ ಕೂಸು ಎತ್ತಿಕೊಂಡು ಬಂದು ನಿಂತವು.

ಸೊನ್ನೆ ಬರೆದೆ.
ಆ ಹಳದಿ ಮುಚ್ಚಳದಷ್ಟೇ ದುಂಡಗೆ ಬಂತು.
ಸಹಿ ಮಾತ್ರ ಸೊಟ್ಟ.

ಮರುಸಂಜೆ ಏಳಕ್ಕೆ ಟೈಗನ ಸ್ನಾನ.
ಆ ಬೀದಿಯಿಂದ ಇಲ್ಲಿಗೆ ಇಪ್ಪತ್ತು ನಿಮಿಷ.
ಚಹಾ ಆರಲು ಬಿಟ್ಟು ಮಾಪಕದ ಮುಂದೆ ನಿಂತೆ.
ಏಳೂ ಇಪ್ಪತ್ತಕ್ಕೆ ಮುಳ್ಳು
ಕೂದಲೆಳೆಯಷ್ಟು ಏರಿತು,
ಅಥವಾ ಏರಿತೆಂದುಕೊಂಡೆ.