ಕಿವಿಗಲ್ಲು

ಮೀನಿನ ತಲೆಬುರುಡೆಯಲ್ಲೊಂದು ಕಲ್ಲು,
ಅವರೆಬೇಳೆಯಷ್ಟು.
ವರ್ಷಕ್ಕೊಂದು ಉಂಗುರ ಸುತ್ತಿಕೊಳ್ಳುತ್ತದಂತೆ.

ಅಕುರೇರಿ. ಮಧ್ಯಾಹ್ನ ಮೂರಕ್ಕೇ ಕತ್ತಲು.
ತಿಮಿಂಗಿಲದ ಆಸೆಗೆ ಕಡಲಜೀವಶಾಸ್ತ್ರ ಸೇರಿದ ಸೋಲ್‌ರುನ್‌ಗೆ
ಸಿಕ್ಕಿದ್ದು ಒಂದು ಬಕೆಟ್ಟು, ತುಂಬ
ಕೆಂಪು ಮೀನಿನ ತಲೆಗಳು,
ಅಮ್ಮ ದುಡಿಯುವ ಕಾರ್ಖಾನೆಯವೇ.

ಚಿಮುಟದಲ್ಲಿ ಎತ್ತಿ, ಸೀಳಿ, ಉಜ್ಜಿ, ಎಣ್ಣೆ ಸವರಿ
ಸೂಕ್ಷ್ಮದರ್ಶಕದಡಿ ಎಣಿಸುತ್ತಾಳೆ:
ನಲವತ್ತೊಂಬತ್ತು.
ಮತ್ತೆ ಎಣಿಸುತ್ತಾಳೆ. ಐವತ್ತು.

ಅಮ್ಮನಿಗೀಗ ನಲವತ್ತೇಳು.

ಫೋನಿನಲ್ಲಿ ಹೇಳಿದರೆ
ಆಚೆ ಕತ್ತಿ ಮಸೆಯುವ ಸದ್ದು ನಿಂತಿತು.
"ಹಾಗಾದರೆ ಅದು ನನಗೆ ಅಕ್ಕನಾಗಬೇಕು."
ಆಮೇಲೆ, ತುಸು ತಡೆದು:
"ದಿನಕ್ಕೆ ಆರುನೂರು ಕೊಯ್ಯುತ್ತೇನೆ ಕಣೇ."

ಚೀಟಿಯಲ್ಲಿ ಬರೆದಳು:
ವಯಸ್ಸು ನಲವತ್ತೊಂಬತ್ತು, ಅಥವಾ ಐವತ್ತು.
ಅಂಚಿನ ಉಂಗುರ
ಇನ್ನೂ ಪೂರ್ತಿಯಾಗಿರಲಿಲ್ಲ.